ಮೇಟಿ ಗುಂಡಿಯ ಕಂಬ

ಕೊಡಲಿಯ ಸದ್ದಿಗೆ ಗಂಗಾಧರಪ್ಪ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದ. ಕಣಕ್ಕೆ ಓಡಿಬರುವಷ್ಟರಲ್ಲಿ ಶಾಲೆಗೆಂದು ನೆಟ್ಟ ಎರಡು ಕಂಬ ಉರುಳಿದ್ದವು. ಅವನ ತಮ್ಮ ಮಹೇಶ್ವರಪ್ಪ ಮೂರನೆಯದಕ್ಕೆ ಒಂದು ಏಟು ಹಾಕಿ ಮತ್ತೆ ಕೊಡಲಿ ಎತ್ತಿದ್ದ. ಹಿಂದೆ ಆಳುಗಳಿಬ್ಬರು ದೊಣ್ಣೆ ಹಿಡಿದು ನಿಂತಿದ್ದರು. ಸೊರಬದ ಬಡಗಿ ತಲೆ ಒಡೆಸಿಕೊಂಡು ಕೂತಿದ್ದ. ಶಾಲಾ ಕಮಿಟಿಯ ಮೆಂಬರು ಗುತ್ಯಪ್ಪ ತನ್ನ ಟವೆಲು ಹರಿದು ಅವನಿಗೆ ಕಟ್ಟುತ್ತಿದ್ದ.

"ಇದು ಮೇಟಿ ಗುಂಡಿ ಅಣ್ಣ!" ಮಹೇಶ್ವರಪ್ಪ ಕೂಗಿದ. "ಅಪ್ಪ ತೋಡಿದ್ದು. ವರ್ಷಾ ಹಾಲೆರೆದು ಮೇಟಿ ನಿಲ್ಸೋ ಜಾಗ. ಇದ್ರಾಗೆ ಇಸ್ಕೂಲಿನ ಕಂಬ ಇಳಿಸ್ಯಾರೆ. ನಿನಗೆ ಕಣ್ಣು ಕಾಣಂಗಿಲ್ವ?"

ಗಂಗಾಧರಪ್ಪನಿಗೆ ಬೆಳಿಗ್ಗೆಯೇ ಕಂಡಿತ್ತು. ಒಕ್ಕಣೆ ಮುಗಿದು ಕಣದ ನಡುವಿನ ಮೇಟಿಗಂಬ ಕಿತ್ತ ಮೇಲೆ ಗುಂಡಿ ಬಾಯ್ಬಿಟ್ಟುಕೊಂಡಿತ್ತು. ಊರು ಅರಿಯದ ಬಡಗಿ, ತೋಡುವ ಕೆಲಸ ಉಳಿಯಿತೆಂದು ಕಂಬವನ್ನು ಅದಕ್ಕೇ ಇಳಿಸಿದ್ದ. ಆ ಮೇಟಿಯ ಸುತ್ತ ಎತ್ತು ತುಳಿಸುತ್ತ ಬೆಳೆದವನು ನೋಡಿಯೂ ತಡೆಯದೆ ಮನೆಗೆ ಹೋಗಿದ್ದ.

ಅದು ೧೯೫೮ರ ಬೇಸಿಗೆ. ಅದುವರೆಗೆ ಶಾಲೆ ನಡೆದದ್ದು ಬಸವಣ್ಣನ ಗುಡಿಯ ಜಗಲಿಯ ಮೇಲೆ. ಗುತ್ಯಪ್ಪನ ಕೇರಿಯ ಮಕ್ಕಳು ಜಗಲಿ ಹತ್ತುವಂತಿರಲಿಲ್ಲ. ಬಿಸಿಲಿರಲಿ, ಮಳೆಯಿರಲಿ, ಅಂಗಳದಲ್ಲೇ ನಿಂತು ಪಾಠ ಕೇಳಬೇಕು. ಕಣ ಸರ್ಕಾರಿ ಜಾಗ, ರೂಢಿಯಲ್ಲಿ ಮಾತ್ರ ಇವರ ಮನೆಯದು. ಅಲ್ಲಿ ಶಾಲೆ ಬೇಡವೆಂದು ಕೈ ಎತ್ತಿದವನು ಕಮಿಟಿಯ ಅಧ್ಯಕ್ಷ ಗಂಗಾಧರಪ್ಪನೊಬ್ಬನೇ. ಉಳಿದ ನಾಲ್ವರು ಬೇಕೆಂದರು. ಆಯಿತೆಂದು ಊರಿಗೆ ಸಾರಿದವನೂ ಅವನೇ.

"ನೀನೇ ಬ್ಯಾಡ ಅಂದೋನು. ಬದೀಗೆ ಸರಿ," ಮಹೇಶ್ವರಪ್ಪ ಗದರಿದ.

"ಬ್ಯಾಡ ಅಂದೆ, ಸೋತೆ. ಅಲ್ಲಿಗೆ ಮುಗೀತು."

"ಹಂಗಾರೆ ಇದು ನಿನ್ನ ಮಾತಲ್ಲ."

"ಕಮಿಟಿ ಮಾತು. ಅಧ್ಯಕ್ಷ ಆದೋನು ಕಾಯ್ಬೇಕು."

"ನೋಡ್ರಲೇ!" ಮಹೇಶ್ವರಪ್ಪ ಆಳುಗಳ ಕಡೆ ತಿರುಗಿದ. "ನಮ್ಮನಿ ಎತ್ತು ಗುತ್ಯನ ಗಾಡಿಗೆ ಕೊರಳು ಕೊಟ್ಟೈತೆ!"

ಗಂಗಾಧರಪ್ಪ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಬ್ಯಾಡ್ರಿ ಗೌಡ್ರೇ, ಈಚೆ ಬರ್ರಿ," ಗುತ್ಯಪ್ಪ ಅಂಗಲಾಚಿದ. "ಕಂಬ ಇನ್ನೊಂದು ಸಿಗ್ತದೆ."

ಆಳಿನ ದೊಣ್ಣೆ ಬೆನ್ನಿಗೆ ಬಿತ್ತು. ಗಂಗಾಧರಪ್ಪ ಅಲುಗಲಿಲ್ಲ. ಮಹೇಶ್ವರಪ್ಪ ಕೊಡಲಿ ಎಸೆದು ಆ ದೊಣ್ಣೆಯನ್ನು ತಾನೇ ಕಿತ್ತುಕೊಂಡ. ಮೊದಲ ಏಟು ಭುಜಕ್ಕೆ. ಎರಡನೆಯದಕ್ಕೆ ಬಲಗೈ ಮೂಳೆ ಹಸಿ ಬಿದಿರು ಸೀಳಿದ ಹಾಗೆ ಲಟಕ್ಕೆಂದಿತು. ಆ ಕೈ ಜೋತುಬಿತ್ತು. ಎಡಗೈ ಕಂಬ ಬಿಡಲಿಲ್ಲ.

"ಬಿಡೋ ಅಣ್ಣ... ಬಿಡೋ..." ಮಹೇಶ್ವರಪ್ಪ ಅಳುತ್ತಿದ್ದ. ಅಳುತ್ತಲೇ ಮತ್ತೊಂದು ಹೊಡೆದ. ಹಣೆ ಒಡೆದು ರಕ್ತ ಕಂಬದ ಮೇಲೆ ಇಳಿಯಿತು. ಆಗ ದೊಣ್ಣೆ ತಾನಾಗಿ ಕೈ ಜಾರಿತು.

ಗಾಡಿ ಕಟ್ಟಿ ಶಿಕಾರಿಪುರದ ಆಸ್ಪತ್ರೆಗೆ ಒಯ್ದರು. ಪೊಲೀಸರು ಕೇಳಿದಾಗ ಗಂಗಾಧರಪ್ಪ, "ಬಡಗಿ ತಲೆ ಒಡೆದದ್ದು ಬರ್ಕಳ್ರಿ. ನಂದು ಮನಿ ವಿಚಾರ," ಅಂದ.

ಮುಂದಿನ ಮೀಟಿಂಗಿನಲ್ಲಿ ಗುತ್ಯಪ್ಪನೇ ಮಾತು ತೆಗೆದ: "ಕಂಬ ಒಂದು ಮಾರು ಸರಿಸಾಣ್ರಿ. ಆ ಗುಂಡಿ ಅವರಿಗೆ ದೇವ್ರು."

"ಸರಿಸಿದ್ರೆ ದೊಣ್ಣೆಗೆ ಹೆದರಿದಂಗಾಗ್ತದೆ," ಎಂದರು ಇಬ್ಬರು. ಗುತ್ಯಪ್ಪನ ಜೊತೆಗೆ ಇನ್ನೊಬ್ಬ ಕೈ ಎತ್ತಿದ. ಎರಡಕ್ಕೆ ಎರಡು. ಎಲ್ಲರೂ ಅಧ್ಯಕ್ಷನ ಕಡೆ ನೋಡಿದರು.

ಪಟ್ಟಿ ಕಟ್ಟಿದ ಬಲಗೈಯನ್ನು ಗಂಗಾಧರಪ್ಪ ಎಡಗೈಯಲ್ಲಿ ಹಿಡಿದು ಕೂತಿದ್ದ. "ಹೋದ ಸಲ ಎತ್ತಿದ ಕೈ ಹೆಂಗಾಗೈತೆ ನೋಡ್ರಿ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ನಮ್ಮನಿ ಗುಂಡಿ ಅದು. ನಾ ಎತ್ತಂಗಿಲ್ಲ," ಅಂದ. ಸರಿಸುವ ಮಾತು ಬಿದ್ದುಹೋಗಿ ಕಂಬ ಇದ್ದಲ್ಲೇ ಉಳಿಯಿತು.

ಶಾಲೆ ತೆರೆದ ದಿನ ಗಂಗಾಧರಪ್ಪ ಎಲ್ಲರಿಗಿಂತ ಮೊದಲು ಬಂದ. ಕಂಬದ ಮೇಲೆ ಕೊಡಲಿಯ ಗಾಯ ಹಾಗೇ ಇತ್ತು. ಬುಡದ ಮಣ್ಣು ಹಸಿಯಾಗಿತ್ತು. ಬಗ್ಗಿ ಮುಟ್ಟಿದ. ಮೇಟಿಗೆ ಎರೆಯುವ ಹಾಗೆ ಎರೆದ ಹಾಲು, ಆಗಲೇ ಇರುವೆ ಮುತ್ತಿದ್ದವು. ಅಷ್ಟರಲ್ಲಿ ಗುತ್ಯಪ್ಪನ ಮಗಳು ಒಳಗೆ ಬಂದು, ಎಲ್ಲಿ ಕೂರಲೆಂದು ತಿಳಿಯದೆ ನಿಂತಳು. ಗಂಗಾಧರಪ್ಪ ಎಡಗೈಯಿಂದ ಕಂಬದ ಪಕ್ಕದ ಜಾಗ ತೋರಿಸಿದ.