ಬೆನ್ನಿನ ಸಣ್ಣ ರೆಕ್ಕೆ

ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ಬೂರುಲ್‌ಗೆ ಮನೆಯಲ್ಲಿ ಉಳಿದದ್ದು ಒಂದೇ ಕೆಲಸ, ಮೀನು ನೋಡುವುದು. ಕಿಟಕಿ ಪಕ್ಕದ ಅಕ್ವೇರಿಯಂ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರೆ ಬಿಷ್ಕೆಕ್ ಪೂರ್ತಿ ಹಿಮದಲ್ಲಿ ಮುಚ್ಚಿಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಸೊಸೆ ಸೈಕಾಲ್ ಹೊಲಿಗೆ ಕಾರ್ಖಾನೆಯಿಂದ ಮನೆಗೆ ಬರುವ ದಾರಿಯಲ್ಲಿ, ಬಜಾರಿನ ಮೀನಿನಂಗಡಿಯಲ್ಲಿ ಆ ಕರಿಯ ಮೀನನ್ನು ಕೊಂಡದ್ದೂ ಅತ್ತೆಗೆ ನೋಡಲು ಹೊಸದೇನಾದರೂ ಇರಲಿ ಎಂದೇ.

ಬೆರಳುದ್ದದ ಮೀನು, ಬಾಯಿ ಸುತ್ತ ಎಂಟು ಮೀಸೆ. ಯಾವ ಜಾತಿ ಎಂದು ಕೇಳಿದರೆ ಅಂಗಡಿಯವನಿಗೂ ತಿಳಿಯದು. ಬೇರೆ ಮೀನುಗಳ ಜೊತೆ ಬೆರೆತು ಬಂದಿತ್ತಂತೆ. ಸೋಮ್ ಅಂತಾರೆ ಅಷ್ಟೆ, ಎಂದು ಚೀಲಕ್ಕೆ ನೀರು ತುಂಬಿಸಿ ಕೊಟ್ಟಿದ್ದ. ರಷ್ಯನ್ ಮಾತಿನಲ್ಲಿ ಮೀಸೆಮೀನಿಗೆಲ್ಲ ಅದೊಂದೇ ಹೆಸರು. ಆ ದೇಶದ ದುಡ್ಡಿನ ಹೆಸರೂ ಅದೇ.

“ಸೋಮ್ ಕೊಟ್ಟು ಸೋಮ್ ತಂದ್ಯಾ? ಭಾರಿ ವ್ಯಾಪಾರ ಬಿಡು,” ಎಂದರು ಅತ್ತೆ. ಸೊಸೆ ತಂದದ್ದನ್ನು ಅವರು ಹೊಗಳಿದ್ದು ಯಾವತ್ತೂ ಇಲ್ಲ. ಆದರೂ ಅವತ್ತು ಅವರ ಕುರ್ಚಿ ತೊಟ್ಟಿಗೆ ಇನ್ನೊಂದು ಗೇಣು ಹತ್ತಿರ ಸರಿಯಿತು.

ಮೀನು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಗಲೆಲ್ಲ ಕಲ್ಲಿನ ಹಿಂದೆ ಅವಿತಿರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗಾಳಿ ಗುಟುಕರಿಸಿ ಮಿಂಚಿನಂತೆ ಕೆಳಗಿಳಿಯುತ್ತಿತ್ತು. ಅಷ್ಟರಲ್ಲಿ ಸಣ್ಣ ಮೀನುಗಳು ಕಡಿಮೆಯಾಗತೊಡಗಿದವು. ಕಳ್ಳನನ್ನು ತಂದು ಮನೆಯೊಳಗೆ ಬಿಟ್ಟಿದ್ದಾಳೆ ಎಂದು ಅತ್ತೆ ನೆರೆಯವರಿಗೆಲ್ಲ ಹೇಳಿದರು. ಸೈಕಾಲ್ ಫೋಟೊ ತೆಗೆದು, ಮೀನು ಸಾಕುವವರ ಗುಂಪೊಂದಕ್ಕೆ ಫೋನಿನಲ್ಲಿ ಕಳಿಸಿದಳು. ಕತ್ತಲಲ್ಲಿ ಬರೀ ಮೂತಿ ಕಾಣುವ ಫೋಟೊ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು.

ಆ ಭಾನುವಾರ ಗಂಡ ತಾಲಾಯ್ ವ್ಯಾನು ತೆಗೆದುಕೊಂಡು ದೂರದ ನಾರಿನ್ ಊರಿಗೆ ಹೋಗಿದ್ದ. ಸೈಕಾಲ್ ಅಡುಗೆಮನೆಯಲ್ಲಿ ನೀರು ಕುದಿಯಲಿಟ್ಟು ಹಿಟ್ಟಿನ ಎಳೆ ಕತ್ತರಿಸುತ್ತಿದ್ದಾಗ ಒಳಗೆ ಕುರ್ಚಿ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ಗೋಡೆಗೊರಗಿ ನಿಂತಿದ್ದಾರೆ, ತೋಳು ಮೊಣಕೈವರೆಗೆ ಒದ್ದೆ. ಕಲ್ಲು ಎತ್ತಿ ಕಳ್ಳನನ್ನು ನೋಡೋಣವೆಂದು ಬಲಗೈ ಇಳಿಸಿದ್ದರು. ಹೆಬ್ಬೆರಳ ಬುಡದಲ್ಲಿ ಒಂದೇ ಹನಿ ರಕ್ತ.

“ಬೆಂಕಿ ಇಟ್ಟ ಹಾಗಿದೆ,” ಎಂದರು. “ಮೇಲಕ್ಕೆ ಹತ್ತುತ್ತಿದೆ.”

ನೋಡನೋಡುತ್ತ ಅಂಗೈ ಊದಿತು. ಸೈಕಾಲ್ ಸಾಬೂನು ಸವರಿ ಬೆಳ್ಳಿಯುಂಗುರ ಎಳೆದು ತೆಗೆದಳು. ಆಂಬುಲೆನ್ಸಿಗೆ ಫೋನು ಮಾಡಿದರೆ, ಹಿಮದಿಂದ ಗಾಡಿಗಳೆಲ್ಲ ತಡವಾಗುತ್ತಿವೆ ಎಂದರು. ಯಾವ ಮೀನು, ವಿಷದ್ದೋ ಅಲ್ಲವೋ ಎಂದು ಕೇಳಿದರು. ಅದನ್ನೇ ಅಲ್ಲವೇ ಇವಳು ಇಷ್ಟು ದಿನ ಎಲ್ಲರನ್ನೂ ಕೇಳುತ್ತಿದ್ದುದು? ಅತ್ತೆಗೆ ಉಳಿದಿದ್ದುದೇ ಆ ಒಂದು ಕೈ, ಹೃದಯವೂ ಗಟ್ಟಿಯಿಲ್ಲ. ಸೈಕಾಲ್ ಆದದ್ದನ್ನು ಗುಂಪಿಗೆ ಬರೆದಳು. ಗುಂಪಿನಲ್ಲಿದ್ದ, ಅಲ್ಮಾಟಿ ನಗರದ ಜುಖ್ರಾ ಎಂಬಾಕೆ ತಾನೇ ಕರೆ ಮಾಡಿದಳು.

“ನೋಡು, ಒಂದೇ ಥರ ಕಾಣೋ ಎರಡು ಜಾತಿ ಇದಾವೆ,” ಎಂದಳು ಜುಖ್ರಾ. “ಬೆನ್ನಿನ ರೆಕ್ಕೆ ತಲೆಯಿಂದ ಬಾಲದವರೆಗೂ ಇದ್ರೆ ಅಷ್ಟೇನೂ ಭಯ ಇಲ್ಲ. ಉಗುರಿನಷ್ಟು ಸಣ್ಣದಿದ್ರೆ ಅದು ಚೇಳುಮೀನು. ಅದರ ತಲೆ ಹಿಂದೆ ಎರಡೂ ಪಕ್ಕ ವಿಷದ ಮುಳ್ಳು. ನೋಡಿ ಹೇಳು. ಕೈ ಮಾತ್ರ ಹಾಕಬೇಡ.”

ಸೈಕಾಲ್ ಜಾಲರಿ ಸೌಟಿನಿಂದ ಕಲ್ಲನ್ನು ಹೊರಳಿಸಿದಳು. ತಳದ ಕೆಸರೆದ್ದು ನೀರು ಕದಡಿತು. ಫೋನಿನ ಬೆಳಕಿಗೆ ಏನೂ ಕಾಣದು. ಗಾಳಿಗೆಂದು ಮೇಲೆ ಬಂದೇ ಬರಬೇಕಲ್ಲ ಎಂದು ಗಾಜಿಗೆ ಮುಖವೊತ್ತಿ ಕಾದಳು. ಬೆನ್ನ ಹಿಂದೆ ಅತ್ತೆ ಹಲ್ಲು ಕಚ್ಚಿ ನರಳುತ್ತಿದ್ದರು. ನರಳಾಟ ಒಮ್ಮೆ ನಿಂತೇಹೋಯಿತು. ತಿರುಗಿ ನೋಡಿದರೆ ಉಸಿರಾಡುತ್ತಿದ್ದರು. ಮತ್ತೆ ಗಾಜಿನತ್ತ ತಿರುಗುವಷ್ಟರಲ್ಲಿ ಕರಿಯ ಮೈ ಮೇಲೆದ್ದಿತು. ಉದ್ದನೆಯ ಬೋಳು ಬೆನ್ನು. ಅದರ ಮುಂಭಾಗದಲ್ಲಿ ಉಗುರಿನಷ್ಟೇ ಒಂದು ರೆಕ್ಕೆ.

ಚೇಳುಮೀನೇ. ಬಿಸಿನೀರಲ್ಲಿ ಕೈ ಅದ್ದಿಡು, ಶಾಖಕ್ಕೆ ನೋವು ಇಳಿಯುತ್ತೆ, ಆದರೆ ಚರ್ಮ ಸುಡಬಾರದು, ಆಸ್ಪತ್ರೆಯವರಿಗೆ ಹೆಸರು ಹೇಳು ಎಂದಳು ಜುಖ್ರಾ. ಒಲೆಯ ಮೇಲಿನ ನೀರನ್ನು ಬೋಗುಣಿಗೆ ಸುರಿದು ತಣ್ಣೀರು ಬೆರೆಸಿದ್ದಾಯಿತು. ಆ ಉರಿಯಲ್ಲಿ ಅತ್ತೆಗೆ ನೀರಿನ ಬಿಸಿ ಎಲ್ಲಿ ತಿಳಿಯಬೇಕು? ಸೈಕಾಲ್ ತನ್ನ ಕೈಯನ್ನೂ ಅವರ ಕೈಗೆ ಒತ್ತಿ ಅದೇ ನೀರಿಗೆ ಇಳಿಸಿದಳು.

“ಬಿಡೇ, ಸಾಯಿಸ್ತಿದ್ದೀಯ.”

“ಬಿಡಲ್ಲ ಅಮ್ಮಾ. ನನ್ನ ಕೈಯೂ ಇಲ್ಲೇ ಇದೆ.”

ನೀರು ಆರಿದಂತೆಲ್ಲ ಬಿಸಿನೀರು ಸೇರಿಸಿದಳು. ಇಬ್ಬರ ಕೈಗಳೂ ಕೆಂಪಾದವು. ಬಹಳ ಹೊತ್ತಿನ ಮೇಲೆ ಅತ್ತೆಯ ಭುಜ ಸಡಿಲವಾಯಿತು.

“ಈ ಕೈಯೂ ಹೋದ್ರೆ ನೀನೇ ಉಣ್ಣಿಸಬೇಕಾಗ್ತಿತ್ತು,” ಎಂದರು.

“ಉಣ್ಣಿಸ್ತಿದ್ದೆ.”

“ಉಪ್ಪಿಲ್ಲದ ಸಾರು,” ಎಂದು ಅವರು ತಲೆಯನ್ನು ಸೊಸೆಯ ಹೆಗಲಿಗೆ ಆನಿಸಿದರು.

ಆಂಬುಲೆನ್ಸ್ ಬಂತು. ಡಾಕ್ಟರು ಎದೆ ಪರೀಕ್ಷಿಸಿ ಚುಚ್ಚುಮದ್ದು ಕೊಟ್ಟು, ಮಾಡಿದ್ದು ಸರಿಯಾಗಿದೆ, ಗಾಯದ ಮೇಲೆ ಕಣ್ಣಿರಲಿ ಎಂದು ಹೇಳಿ ಹೋದರು.

ಮರುದಿನ ಬಂದ ತಾಲಾಯ್ ಮೀನನ್ನು ಕಾಲುವೆಗೆ ಎಸೆಯಲು ಬಕೆಟ್ಟು ಹಿಡಿದ. ತಾಯಿ ಕೂತಲ್ಲಿಂದಲೇ ತಡೆದರು. “ಅದರ ಮನೆಗೆ ಕೈ ಹಾಕಿದ್ದು ನಾನು. ಈ ಚಳೀಲಿ ಅದನ್ನ ಹೊರಗೆ ಹಾಕ್ತೀಯಾ?”

ಸೈಕಾಲ್ ಎಚ್ಚರಿಸಲೆಂದು ನೇರ ಮೀನಿನಂಗಡಿಗೆ ಹೋದಳು. ಅಂಗಡಿಯವನು ತೊಟ್ಟಿಗೆ ತೋಳಿಳಿಸಿ ಗಾಜು ಉಜ್ಜುತ್ತಿದ್ದ. ಮೂಲೆಯ ಕೊಳವೆಯಿಂದ ಅಂಥದೇ ಎಂಟು ಮೀಸೆ ಹೊರಗೆ ಇಣುಕುತ್ತಿದ್ದವು. ಕೈ ಅಲುಗಿಸದೆ ಮೆಲ್ಲಗೆ ತೆಗೆಯಿರಿ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಅವನು ಅವಳ ಮುಖ ನೋಡಿ ಹಾಗೆಯೇ ಮಾಡಿದ. ಆದದ್ದನ್ನೆಲ್ಲ ಕೇಳಿದ ಮೇಲೆ ಕಪಾಟಿನ ಮೇಲಿದ್ದ ಅಗಲದ ಖಾಲಿ ತೊಟ್ಟಿಯೊಂದನ್ನು ಇಳಿಸಿ, ದುಡ್ಡು ಕೇಳದೆ ಅವಳ ಮುಂದಿಟ್ಟ.

ಅದರಲ್ಲಿ ನುಣ್ಣನೆ ಮರಳು ಹಾಸಿ, ಅವಿತುಕೊಳ್ಳಲು ಮಣ್ಣಿನ ಕೊಳವೆಯಿಟ್ಟು, ಮೇಲೆ ಗಾಳಿಗೆ ಜಾಗ ಬಿಟ್ಟು ನೀರು ತುಂಬಿದರು. ಹಾರಿ ಬೀಳದಂತೆ ಮುಚ್ಚಳದ ಮೇಲೆ ತಾಲಾಯ್ ಇಟ್ಟಿಗೆ ಹೇರಿದ. ಮೀನನ್ನು ಡಬ್ಬಿಯೊಳಕ್ಕೆ ಓಡಿಸಿ ಸಾಗಿಸಿದ್ದು ಸೈಕಾಲ್. ಅತ್ತೆಯ ಹೆಬ್ಬೆರಳು ಬಹಳ ಕಾಲ ಸೆಟೆದೇ ಇತ್ತು, ಆಮೇಲೆ ಚಮಚ ಹಿಡಿಯುವಷ್ಟಾಯಿತು. ಈಗ ಕುರ್ಚಿ ಹೊಸ ತೊಟ್ಟಿಯ ಮುಂದಿದೆ. ಬಂದವರು ಯಾವ ಮೀನೆಂದು ಕೇಳಿದರೆ ಅತ್ತೆ ಮೊದಲು ಅವರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸುತ್ತಾರೆ. ಆಮೇಲೆ, “ನಮ್ಮ ಸೈಕಾಲ್‌ನ ಕೇಳಿ, ಅವಳಿಗೆ ಗೊತ್ತು,” ಎನ್ನುತ್ತಾರೆ.