ಹೆಬ್ಬೆರಳು ಮತ್ತು ತೂತು ಡಬ್ಬಿ

ಕೊಟ್ಟೂರಿನ ಕೂಡ್ಲಿಗಿ ರಸ್ತೆಯಲ್ಲಿರುವ ಮಕ್ತುಂ ಸಾಬರ ಗ್ಯಾರೇಜಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ, ಮೂವತ್ತೆಂಟು ವರ್ಷದಿಂದ ಸುತ್ತಲಿನ ಹಳೇ ಬೈಕುಗಳೆಲ್ಲ ಕೆಮ್ಮುತ್ತ ಬಂದು ನಿಲ್ಲುವುದು ಅಲ್ಲೇ. ಸಾಬರ ಹೆಮ್ಮೆಯೆಲ್ಲ ಬಲಗೈ ಹೆಬ್ಬೆರಳಿನಲ್ಲಿತ್ತು. ಬೇರಿಂಗು ಎಷ್ಟು ಸಡಿಲ ಎಂಬುದನ್ನು ಒತ್ತಿ ಹೇಳುತ್ತಿದ್ದರು, ಎಂಜಿನ್ ಎಣ್ಣೆ ಇನ್ನೂ ನಡೆಯುತ್ತದೋ ಇಲ್ಲವೋ ಎಂಬುದನ್ನು ತಿಕ್ಕಿ ಹೇಳುತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಮಗ ನಯೀಮ ಒಮ್ಮೆ ಬೇರಿಂಗು ಅಳೆಯಲು ಡಯಲ್ ಗೇಜು ತಂದುಕೊಟ್ಟಾಗ, "ನಿನ್ನ ಅಂಗಡ್ಯಾಗ ಇಡು, ನೋಡಾಕ ಚಂದ ಐತಿ" ಎಂದು ವಾಪಸು ಕಳಿಸಿದ ಆಸಾಮಿ ಇವರು.

ಅಂಥ ಹೆಬ್ಬೆರಳಿಗೆ ಕಳೆದ ರಂಜಾನಿನಿಂದ ಜೋಮು ಹಿಡಿದಿತ್ತು. ಚಹಾದ ಲೋಟ ಹಿಡಿದರೆ ಸುಡುವುದೂ ತಿಳಿಯುತ್ತಿರಲಿಲ್ಲ. ಇದು ಗೊತ್ತಿದ್ದವಳು ಹೆಂಡತಿ ಕಮರುನ್ನೀಸಾ ಒಬ್ಬಳೇ. "ಸಾಕಿನ್ನ, ಮಗನ ಅಂಗಡ್ಯಾಗ ಆರಾಮಾಗಿ ಗಲ್ಲಾದ ಮ್ಯಾಲೆ ಕುಂದರ್ರಿ" ಎಂದು ಅವಳು ಬೆನ್ನು ಹತ್ತಿದ್ದಳು. "ನಾ ಕಟ್ಟಿದ ಒಂದ ಒಂದು ಎಂಜಿನ್ನು ಕೆಟ್ಟು ವಾಪಸ್ ಬರಲಿ, ಅವತ್ತ ಪಾನಾ ಕೆಳಗಿಡ್ತೀನಿ" ಎಂದು ಸಾಬರು ಮಾತು ಕೊಟ್ಟಿದ್ದರು. ಅಂಥ ದಿನ ಬರುವುದಿಲ್ಲ ಎಂಬ ಧೈರ್ಯದಲ್ಲಿ ಕೊಟ್ಟ ಮಾತು ಅದು.

ಒಂದು ಭಾನುವಾರ ಬೆಳಿಗ್ಗೆ ಆ ದಿನ ಬಂದೇಬಿಟ್ಟಿತು. ಕೋಗಳಿಯಿಂದ ಸಂಘಮಿತ್ರಾ ಟೀಚರ್ ಬಂದು ಬೈಕು ನಿಲ್ಲಿಸುವ ಮೊದಲೇ ಎಂಜಿನ್ನಿನ ಹೊಟ್ಟೆಯೊಳಗಿನ ಕಟಕಟ ಸದ್ದು ಸಾಬರ ಕಿವಿಗೆ ಬಿತ್ತು. ಅದು ಅವಳಪ್ಪ ದುರುಗಪ್ಪ ಲೈನ್‌ಮನ್ ಕೆಲಸದಲ್ಲಿ ಇರುವಷ್ಟು ಕಾಲ ಓಡಿಸಿ, ಮಗಳಿಗೆ ಹೈಸ್ಕೂಲಿಗೆ ಹೋಗಿಬರಲು ಕೊಟ್ಟ ಬೈಕು. ಅದರ ಎಂಜಿನ್ನು ಬಿಚ್ಚಿ, ಬೇರಿಂಗು ಬದಲಿಸಿ, ಸಾಬರು ಕಟ್ಟಿಕೊಟ್ಟು ನಾಲ್ಕೇ ತಿಂಗಳಾಗಿತ್ತು. ಜೋಮು ಹಿಡಿದ ಮೇಲಿನ ಕೆಲಸ.

"ತಣ್ಣಗಿದ್ದಾಗ ಏನೂ ಇಲ್ರಿ ಚಾಚಾ. ಬಿಸಿ ಆದ ಮ್ಯಾಲೆ ಸದ್ದು ಶುರು. ನ್ಯೂಟ್ರಲ್ಲೂ ಸಿಗಂಗಿಲ್ಲ."

"ಎಣ್ಣಿ ಬದಲಿ ಮಾಡಿದಾಗ ಯಾವುದು ಹಾಕೀರಿ?"

"ನೀವು ಹೇಳಿದ್ದ. ಟ್ವೆಂಟಿ ಫಿಫ್ಟಿ." ಬದಿಯ ಚೀಲದಿಂದ ಉಳಿದ ಎಣ್ಣೆಯ ಕ್ಯಾನು ತೆಗೆದು ತೋರಿಸಿದಳು. ಎಣ್ಣೆಯ ದಪ್ಪ ಹೇಳುವ ನಂಬರು ಸರಿಯಾಗಿಯೇ ಇತ್ತು.

ಎಣ್ಣೆ ಸರಿಯಿದ್ದರೆ ತಪ್ಪು ಬೇರಿಂಗಿನದು, ಅಂದರೆ ಅದನ್ನು ಒತ್ತಿ ನೋಡಿದ ಬೆರಳಿನದು. ಸಾಬರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನು ಪೆಟ್ಟಿಗೆಗೆ ಹಾಕಿದರು. ಆದರೂ ಮನಸ್ಸು ತಡೆಯದೆ ಎಂಜಿನ್ನಿನ ಎಣ್ಣೆ ಇಳಿಸಿ ಬೆರಳಲ್ಲಿ ತಿಕ್ಕಿದರು, ಕ್ಯಾನಿನ ಹೊಸ ಎಣ್ಣೆಯನ್ನೂ ತಿಕ್ಕಿದರು. ಎರಡೂ ಒಂದೇ ಥರ ಅನ್ನಿಸಿತು. ನಿಜ ಹೇಳಬೇಕೆಂದರೆ ಏನೂ ಅನ್ನಿಸಲಿಲ್ಲ.

ಟೀಚರೂ ಬೆರಳು ಅದ್ದಿದಳು. "ಇಳಿಸಿದ್ದು ಭಾಳ ತೆಳ್ಳಗಾಗೈತಲ್ಲ ಚಾಚಾ?"

"ಬಿಸಿ ಎಣ್ಣಿ ತೆಳ್ಳಗ ಇರತೈತಿ, ಟೀಚರಮ್ಮ" ಎಂದರೂ ಸಾಬರ ಒಳಗೆ ಒಂದು ಆಸೆ ಚಿಗುರಿತು. ತನ್ನ ಬೆರಳನ್ನು ನಂಬುವಂತಿಲ್ಲ, ಅವಳ ಬೆರಳಿಗೆ ಅನುಭವವಿಲ್ಲ. ಬೆರಳಲ್ಲದ ಬೇರೆ ಯಾವುದಾದರೂ ಅಳತೆ ಹೇಳಬೇಕು. ಒಂದು ಖಾಲಿ ಪೇಂಟ್ ಡಬ್ಬಿ ಹುಡುಕಿ ತೊಳೆದು, ತಳಕ್ಕೆ ಮೊಳೆಯಿಂದ ತೂತು ಹೊಡೆದರು. ಇಳಿಸಿದ ಎಣ್ಣೆಯನ್ನು ಅಗಲ ತಟ್ಟೆಗೆ ಸುರಿದು ಆರಲು ಬಿಟ್ಟರು.

ಆ ಎಣ್ಣೆಯೋ, ಆರುವ ಅವಸರವೇ ಇಲ್ಲದಂತೆ ಕೂತಿತ್ತು. ಕಮರುನ್ನೀಸಾ ಎರಡು ಸಲ ಚಹಾ ತಂದು, ವಾಪಸು ಬಂದ ಎಂಜಿನ್ನನ್ನು ನೋಡಿಕೊಂಡು ಹೋದಳು; ಎರಡೂ ಸಲ ಸಾಬರು ಕುಡಿಯುವುದನ್ನು ಮರೆತರು.

ಎಲ್ಲ ಒಂದೇ ಸಮ ತಣ್ಣಗಾದ ಮೇಲೆ ಅಳತೆ ಶುರುವಾಯಿತು. ಡಬ್ಬಿಯೊಳಗೆ ಗೀಚಿದ ಒಂದು ಗೆರೆಯವರೆಗೆ ಎಣ್ಣೆ ತುಂಬಿ, ತೂತಿಗೆ ಒತ್ತಿದ ಬೆರಳು ತೆಗೆಯುವುದು. ಖಾಲಿಯಾಗಲು ಎಷ್ಟು ಹೊತ್ತು ಎಂದು ಟೀಚರು ಮೊಬೈಲಿನಲ್ಲಿ ನೋಡುವುದು. ತೆಳುವಾದಷ್ಟೂ ಎಣ್ಣೆ ಬೇಗ ಸೋರುತ್ತದೆ. ಗ್ಯಾರೇಜಿನ ಹೊಸ ಎಣ್ಣೆಗೆ ನಲವತ್ತೊಂದು ಸೆಕೆಂಡು. ಟೀಚರು ತಂದ ಕ್ಯಾನಿನ ಎಣ್ಣೆಗೆ ನಲವತ್ತು. ಸಾಬರ ಮುಖ ಸಣ್ಣದಾಯಿತು. ಡಬ್ಬಿ ಒರೆಸಿ, ಇಳಿಸಿದ ಎಣ್ಣೆ ತುಂಬಿದರು.

"ಇಪ್ಪತ್ಮೂರು" ಎಂದಳು ಟೀಚರ್.

ಇನ್ನೊಮ್ಮೆ ಮಾಡಿಸಿದರು. ಇಪ್ಪತ್ತನಾಲ್ಕು. ಪೆಟ್ರೋಲು ಸೇರಿ ನೀರಾಗಿದೆಯೇ ಎಂದು ಮೂಸಿದರು; ಆ ವಾಸನೆ ಇರಲಿಲ್ಲ. ಆಗ ಸಾಬರು ಕ್ಯಾನನ್ನು ಮೊದಲ ಸಲ ತಿರುಗಿಸಿ ನೋಡಿದರು. ಹಿಂದೆ ಕಾರಿನ ಚಿತ್ರವಿತ್ತು.

"ಇದು ಕಾರಿನ ಎಣ್ಣಿ ಅಲ್ಲೇನಮ್ಮ?"

"ನಮ್ಮಣ್ಣ ಕ್ರಾಂತಿ ತನ್ನ ಕಾರಿಗೆ ತಂದು ಉಳಿಸಿದ್ದು. ಎರಡರದೂ ನಂಬರ್ ಒಂದ ಐತಲ್ಲ ಅಂತ ಹಾಕಿದೆ."

"ನಂಬರ್ ಒಂದ. ಆದ್ರ ಕಾರಿನಾಗ ಗೇರಿಗೆ ಬ್ಯಾರೆ ಎಣ್ಣಿ, ಎಂಜಿನ್ನಿಗೆ ಬ್ಯಾರೆ. ನಿಮ್ಮ ಬೈಕಿನಾಗ ಎರಡಕ್ಕೂ ಒಂದ. ಗೇರಿನ ಹಲ್ಲು ದಿನಾ ಎಣ್ಣಿ ಅಗಿದು ಅಗಿದು ಅದರ ಜಿಗಿ ಕಡಿದು ಹಾಕತಾವು. ಬೈಕಿನ ಎಣ್ಣಿ ಆ ಹೊಡ್ತ ತಡಿಯಂಗ ಮಾಡಿರತಾರ. ಇದು ತಡೀಲಿಲ್ಲ, ನೀರಾತು. ಬಿಸಿ ಆದ ಮ್ಯಾಲಂತೂ ಕೇಳಬ್ಯಾಡ್ರಿ." ಕ್ಯಾನು ಕೆಳಗಿಟ್ಟು ಹೇಳಿದರು: "ತಪ್ಪು ನಂದ. ಮೂವತ್ತೆಂಟು ವರ್ಷ ಬರೇ ನಂಬರ್ ಹೇಳಿ ಕಳಸೀನಿ."

ತಪ್ಪು ನಂದು ಎನ್ನುವಾಗ ಅವರ ಮುಖದಲ್ಲಿದ್ದ ಸಂತೋಷ ಟೀಚರಿಗೆ ಅರ್ಥವಾಗಲಿಲ್ಲ.

ಬೈಕಿನದೇ ಎಣ್ಣೆ ಹಾಕಿ, ಹರಪನಹಳ್ಳಿ ರಸ್ತೆಯಲ್ಲಿ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿಕೊಂಡು ಬರಲು ಹೇಳಿದರು. ಅವಳು ಬರುವವರೆಗೆ ಸಾಬರು ಹೊಸ್ತಿಲಲ್ಲೇ ನಿಂತಿದ್ದರು. ಬಂದವಳು ಒಂದೇ ಸಲಕ್ಕೆ ನ್ಯೂಟ್ರಲ್ಲಿಗೆ ತಂದು ನಿಲ್ಲಿಸಿದಳು. ಸಾಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದರು. ಕಟಕಟ ಇಲ್ಲ. ಬೇರಿಂಗು ಸದ್ದಿಲ್ಲದೆ ತಿರುಗುತ್ತಿತ್ತು. ಅವತ್ತು ಬೆರಳು ಸರಿಯಾಗಿ ಹೇಳಿತ್ತೋ, ಅಲ್ಲಾ ಕಾಪಾಡಿದ್ದನೋ, ಸಾಬರು ಕೆದಕಲು ಹೋಗಲಿಲ್ಲ. ಹಳೇ ಟೈರಿನ ಮೇಲೆ ಕುಸಿದು ಕೂತು, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟರು. ಕಣ್ಣಲ್ಲಿ ನೀರು ಬಂತು. ಎಣ್ಣೆ ಕೈಯಲ್ಲೇ ಒರೆಸಿಕೊಂಡರು.

ಟೀಚರು ಹೋದ ಮೇಲೆ ನಯೀಮನಿಗೆ ಫೋನು ಮಾಡಿದರು.

"ಅಮ್ಮೀ ಹೇಳಿದ್ಲು, ಅಬ್ಬಾ, ಎಂಜಿನ್ನು ವಾಪಸ್ ಬಂದೈತಂತ" ಎಂದ ನಯೀಮ, ಮೆಲ್ಲಗೆ. "ಗಲ್ಲಾದ ಕುರ್ಚಿ ತಯಾರ ಐತಿ. ಯಾವಾಗ ಬರ್ತೀರಿ?"

"ಕೆಟ್ಟಿದ್ದು ಎಣ್ಣಿ, ಎಂಜಿನ್ನಲ್ಲ. ಕುರ್ಚಿ ಇರ್ಲಿ. ಆ ಡಯಲ್ ಗೇಜು ಐತೇನು ಇನ್ನೂ?"

"ಐತಿ. ನೋಡಾಕ ಚಂದ ಅಂದಿದ್ರಿ."

"ಹೂಂ. ಈಗ ಕೆಲಸಕ್ಕ ಬೇಕು. ನನ್ನ ಹೆಬ್ಬೆರಳಿಗೆ ಜೋಮು ಹಿಡದೈತಿ ಲೇ, ಇನ್ನ ಅದನ್ನ ಕೇಳಿ ಎಂಜಿನ್ನು ಕಟ್ಟಂಗಿಲ್ಲ."

ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತು ಇಷ್ಟು ಸಲೀಸಾಗಿ ಹೊರಬಿತ್ತಲ್ಲ ಎಂದು ಸಾಬರಿಗೇ ಆಶ್ಚರ್ಯ. ನಯೀಮ ನಗಲಿಲ್ಲ. "ನಾನ ತರ್ತೀನಿ ಅಬ್ಬಾ, ಈಗ ಹೊಂಟೆ" ಎಂದ.

ಸಾಬರು ಫೋನು ಜೇಬಿಗಿಟ್ಟು, ಬೆಳಿಗ್ಗೆ ಪೆಟ್ಟಿಗೆಗೆ ಹಾಕಿದ್ದ ಪಾನಾ ತೆಗೆದುಕೊಂಡು, ಸಾಲಿನಲ್ಲಿದ್ದ ಮುಂದಿನ ಬೈಕಿನ ಹತ್ತಿರ ಹೋದರು.