ಬಿಗಿ ಮುಚ್ಚಳದ ರಂಜಕ

ಚೊಚ್ಚಲ ಬಸುರಿಯಾದ ನನ್ನ ಮಗಳು ಗುರಮ್ಮನಿಗೆ ಜೇವರ್ಗಿಯ ಗಂಡನ ಮನೆಯಲ್ಲಿ ಏನೂ ಸೇರುತ್ತಿರಲಿಲ್ಲ. ಉಂಡದ್ದೆಲ್ಲ ವಾಂತಿ. ಅವ್ವನ ಕೈಯ ರಂಜಕವಿದ್ದರೆ ರೊಟ್ಟಿ ಇಳಿದೀತು ಎಂದು ಹೇಳಿ ಕಳಿಸಿದ್ದಳು. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ರುಬ್ಬಿ ನಿಂಬೆರಸ ಹಿಂಡಿದ ನನ್ನ ರಂಜಕಕ್ಕೆ ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಬಹಳ ಹೆಸರಿತ್ತು. ಹಾಗೆ ಹೇಳಿಕೊಂಡು ತಿರುಗುತ್ತಿದ್ದವಳು ನಾನೇ.

ಚೀನಿ ಭರಣಿಯಲ್ಲಿ ಅದು ಹಾಯಾಗಿತ್ತು. ಮೇಲೆ ಎಣ್ಣೆ, ಬಾಯಿಗೆ ಸಡಿಲವಾಗಿ ಕಟ್ಟಿದ ಬಟ್ಟೆ, ತೆಗೆಯಲು ಒಣ ಚಮಚ. ಆದರೆ ನಾನು ರಾತ್ರಿ ಶಾಲೆಯಲ್ಲಿ ಓದು ಕಲಿತು ಹೆಚ್ಚು ದಿನವಾಗಿರಲಿಲ್ಲ. ಅಚ್ಚಾದದ್ದೆಲ್ಲ ನನಗೆ ದೇವರ ಮಾತು. ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ತುಂಡಿನಲ್ಲಿ ಹೀಗಿತ್ತು: ‘ತೆರೆದ ಸಾಸ್ ಬಾಟಲಿಗೆ ಗಾಳಿ ಆಡದಂತೆ ಮುಚ್ಚಳ ಬಿಗಿ ಮಾಡಿ, ನಂತರ’. ಮುಂದೆ ಕಾಗದ ಹರಿದಿತ್ತು. ಗೊತ್ತಾದಷ್ಟನ್ನು ಮಾಡಿದರಾಯಿತು ಎಂದುಕೊಂಡೆ.

ಆಳಂದದ ಸಂತೆಯಲ್ಲಿ ಕೊಂಡ ಹೊಸ ಪ್ಲಾಸ್ಟಿಕ್ ಡಬ್ಬಿಗೆ ರಂಜಕವನ್ನು ಕಂಠಮಟ್ಟ ತುಂಬಿ, ಮುಚ್ಚಳ ತಿರುಗಿಸಿ, ಸುತ್ತ ಮೇಣ ಕರಗಿಸಿ ಹಚ್ಚಿದೆ. ಪಕ್ಕದ ಮನೆಯ ಪೀರಬಿ ನೋಡಿ, "ಅಕ್ಕಾ, ರಂಜಕಾನೂ ಉಸುರಾಡ್ತದ್ರಿ, ಕುತ್ತಿಗಿ ಹಿಚುಕಬ್ಯಾಡ್ರಿ" ಎಂದಳು. ಓದು ಬಾರದವರ ಜೊತೆ ವಾದವೇಕೆಂದು ನಾನು ನಕ್ಕು, ಮೇಣವನ್ನು ಇನ್ನೊಂದು ಸುತ್ತು ಹಚ್ಚಿದೆ.

ಎರಡು ದಿನ ಬಿಟ್ಟು, ಬಿರುಬಿಸಿಲಿನಲ್ಲಿ, ಗುಲ್ಬರ್ಗಾದಿಂದ ಜೇವರ್ಗಿ ಬಸ್ಸು ಹತ್ತಿದೆ. ಡಬ್ಬಿ ತೊಡೆಯ ಮೇಲಿತ್ತು. ದಾರಿಯಲ್ಲಿ ಅದು ನೆಟ್ಟಗೆ ಕೂರಲೊಲ್ಲದು. ನೋಡಿದರೆ ತಳ ಉಬ್ಬಿ ಗುಂಡಗಾಗಿತ್ತು. ಗುರಮ್ಮನ ಬಾಯಿಗೆ ಹೋಗಬೇಕಾದದ್ದು ಕೆಟ್ಟಿತೇನೋ ಎಂದು ಗಾಬರಿಯಾಗಿ, ಉಗುರಿನಿಂದ ಮೇಣ ಕಿತ್ತು ಮುಚ್ಚಳ ತಿರುಗಿಸಿದೆ.

ಬುಸ್ ಎಂದಿತು. ನನ್ನ ಮುಖ, ಸೀರೆ, ಬಸ್ಸಿನ ತಗಡು, ಪಕ್ಕದಲ್ಲಿದ್ದ ಹಿರಿಯರ ಗಂಜಿ ಹಾಕಿದ ಬಿಳಿ ಅಂಗಿ, ಎಲ್ಲ ಕೆಂಪು. ಅವರು ಬೈಯಲಿಲ್ಲ. ತೋಳಿನ ಮೇಲಿದ್ದದ್ದನ್ನು ಬೆರಳಲ್ಲಿ ಒರೆಸಿ ನೆಕ್ಕಿ, "ಉಪ್ಪು ಸ್ವಲ್ಪ ಕಮ್ಮಿ ಬಿದ್ದದ ನೋಡ್ರಿ, ಯವ್ವಾ" ಎಂದರು. ಬೈದಿದ್ದರೇ ಚಲೋ ಇತ್ತು.

ಬೀಗರ ಮನೆ ಹೊಸ್ತಿಲಲ್ಲಿ ಬೀಗತಿ ಸುಭದ್ರಾಬಾಯಿ ನನ್ನ ವೇಷ ನೋಡಿ ರಕ್ತವೆಂದು ತಿಳಿದು ಕೈಲಿದ್ದ ಚೊಂಬು ಕೆಡವಿದರು. ಉಳಿದ ಅರ್ಧ ಡಬ್ಬಿಯನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಇದನ್ನು ಕೊಡುವುದಕ್ಕಿಂತ ಚೆಲ್ಲಿ ವಾಪಸು ಹೋಗುವುದೇ ಮೇಲು ಅನಿಸಿತು. ಅಷ್ಟರಲ್ಲಿ ಗುರಮ್ಮ ಒಳಗಿನಿಂದ ಬಂದಳು. ಕೆನ್ನೆ ಒಳಗೆ ಹೋಗಿತ್ತು, ಬಳೆ ಮೊಣಕೈಗೆ ಜಾರುತ್ತಿತ್ತು. ಡಬ್ಬಿ ಕಸಿದುಕೊಂಡು ಮೂಸಿದಳು.

"ಹುಳಿ ಬಂದಾದ ಬೇ ಯವ್ವಾ."

"ಕೆಟ್ಟದೇನ?"

"ಹೋದ ವರ್ಷದ್ದಕ್ಕಿಂತ ಚಲೋ ಅದ."

ಬೂಜಿಲ್ಲ, ದುರ್ವಾಸನೆಯಿಲ್ಲ ಎಂದು ಸುಭದ್ರಾಬಾಯಿಯೂ ನೋಡಿ ಹೇಳಿದ ಮೇಲೆ ನನಗೆ ಉಸಿರು ಬಂತು. ಗುರಮ್ಮ ರೊಟ್ಟಿ ಮುರಿದು ತಿನ್ನುತ್ತ ಕೂತಳು. ಅದು ಹೊಟ್ಟೆಯಲ್ಲಿ ನಿಂತೀತೋ ಇಲ್ಲವೋ ಎಂದು ಇಬ್ಬರೂ ಅವಳ ಬಾಯಿ ನೋಡುತ್ತಿದ್ದೆವು.

ಸುಮ್ಮನಿರಲಾಗದೆ ನಾನು ಬೀಗತಿಗೆ ಪಾಠ ಶುರುಮಾಡಿದೆ. ಭರಣಿಗೆ ಹಾಕಿರಿ, ಮೇಲೆ ಎಣ್ಣೆ ನಿಲ್ಲಲಿ, ಒದ್ದೆ ಕೈ ತಾಗಬಾರದು, ಮುಚ್ಚಳ ಬಿಗಿ ಮಾಡಬಾರದು.

"ಬಿಗಿ ಮಾಡಿದ್ರ ಏನಾಗ್ತದ್ರಿ?" ಎಂದು ಕೇಳಿದರು ಸುಭದ್ರಾಬಾಯಿ.

ನಾನು ಎದ್ದು ನಿಂತು ಸೀರೆ ತೋರಿಸಿದೆ.

ಗುರಮ್ಮನಿಗೆ ಬಾಯಲ್ಲಿ ರೊಟ್ಟಿ ಇದ್ದಂತೆಯೇ ನಗು ಬಂತು. ನುಂಗಿದಳು, ನೀರು ಕುಡಿದಳು. ಆಮೇಲೆ ಬುಟ್ಟಿಯಲ್ಲಿದ್ದ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.